ಎಂಟನೆಯವಳು

ಸುಣ್ಣದ ಡಬ್ಬಿಗಿಂತ ತುಸು ದೊಡ್ಡದು.
ಒಳಗೆ ಪೆನ್ಸಿಲ್ ತುಂಡು, ಮಡಚಿದ ಹಾಳೆ,
ಹುಡುಕಿ ಬಂದ ಏಳು ಮಂದಿಯ ಹೆಸರು.
ಕಂಪ್ಲಿ ಸೇತುವೆಯ ಕೆಳಗೆ, ಬಂಡೆಯ ಬಿರುಕಿನಲ್ಲಿ
ನಾನೇ ತುರುಕಿದ್ದು, ಉಪಗ್ರಹದ ಸಾಕ್ಷಿಯಲ್ಲಿ.

ಡ್ಯಾಮಿನ ಗೇಟು ತೆರೆದರು.
ಸೇತುವೆಯೇ ಮೂರು ದಿನ ಕಾಣಲಿಲ್ಲ.

ನೀರಿಳಿದ ಮೇಲೆ ಮೊಬೈಲು ಹಿಡಿದು ನಿಂತರೆ
ಅಕ್ಷಾಂಶ ಅದೇ, ರೇಖಾಂಶ ಅದೇ,
ಕಾಲಡಿಯ ದಂಡೆ ಬೇರೆ:
ಮರಳಿದ್ದಲ್ಲಿ ಗುಂಡುಕಲ್ಲು,
ನನ್ನ ಬಂಡೆಯಿದ್ದಲ್ಲಿ ಮೊಣಕಾಲುದ್ದ ನೀರು.

"ಏನ್ ಕಳಕೊಂಡಿಯಪ್ಪಾ?"
ಒಗೆಯುವುದ ನಿಲ್ಲಿಸದೆ ಮೌಲಮ್ಮ.
"ಕಳಕೊಂಡಿಲ್ಲಬೇ, ಬಚ್ಚಿಟ್ಟಿದ್ದೆ."
"ಹೊಳಿ ಕಣ್ಣೆದುರಿಗಾ?"

ಸೋಪು ಇಟ್ಟುಕೊಂಡಿದ್ದಳು ಅದರೊಳಗೆ.
ಹಾಳೆ ತೊಯ್ದು ಹಿಟ್ಟಾಗಿತ್ತಂತೆ;
ಪೆನ್ಸಿಲ್ಲು ಮೊಮ್ಮಗಳ ಜೊತೆ ಶಾಲೆಗೆ ಹೋಗಿದೆ.

ಮುಚ್ಚಳ ಒತ್ತಿ ಅವಳ ಕೈಗೇ ಕೊಟ್ಟೆ.
ಮೊಬೈಲು ಇನ್ನೂ ತೋರಿಸುತ್ತಿತ್ತು:
ನಾಲ್ಕು ಮೀಟರ್, ನೀರಿನತ್ತ.