ಠೇವಣಿ ಖಾತೆ

ಬೋರ್ಡಿನ ಮ್ಯಾಲ ಇನ್ನೂ ನಮ್ಮಜ್ಜನ ಹೆಸರೈತಿ,
ಬಾಜೂಕ ಒಂದು ಹುಲಿ. ಬಣ್ಣ ಹೋಗಿ ಬೆಕ್ಕಾಗೇತಿ.
ಬೆಳಗಾವಿ ಕ್ಯಾಂಪಿನ ಕಡೆ ಹೋಗೂ ಮಂದಿ
ಕೀಲಿ ರಿಪೇರಿ ಮಾಡ್ತೀರೇನ ಅಂತ ಕೇಳತಾರ.
ಬಂದೂಕು ಮಾರಿ ಎಷ್ಟು ತಿಂಗಳಾತೋ.
ಈಗ ನಾ ಕಾಯೂದು ಸತ್ತವರ ಬಂದೂಕು.

ಒಳಗಿನ ಕೋಣಿ, ಎರಡು ಬಾಗಲ, ಮೂರು ಕೀಲಿ,
ಸಾಹೇಬರು ಹೇಳಿದ್ದಕ್ಕ ಹಾಕಿಸಿದ ಕ್ಯಾಮೆರಾ,
ಕ್ಯಾಮೆರಾ ನೋಡಾಕ ಒಂದು ಟಿವಿ,
ಟಿವಿ ನೋಡಾಕ ನಾ.
ನಲವತ್ತೊಂದು ಬಂದೂಕು ಗ್ವಾಡಿಗೆ ಬೆನ್ನ ಹಚ್ಚಿ ನಿಂತಾವ
ಕೊಳ್ಳಾಗ ಚೀಟಿ ಕಟಗೊಂಡು,
ದವಾಖಾನ್ಯಾಗ ಪಾಳಿಗೆ ನಿಂತವರಂಗ.

ಹದಿನೇಳನೇದು ಭರಮಪ್ಪ ಹಣಬರಂದು.
ಒಂಟಿ ನಳಿಗಿ, ಹನ್ನೆರಡು ಬೋರು,
ಸೀಳಿದ ಹಿಡಿಕಿಗೆ ತಾಮ್ರದ ತಂತಿ.
ಅರ್ಬನ್ ಬ್ಯಾಂಕಿನ ಬಾಗಲದಾಗ ಸ್ಟೂಲ ಹಾಕ್ಕೊಂಡು
ಇಪ್ಪತ್ತಾರು ವರ್ಷ ಕುಂತಂವ.
ತಗೊಂಡದ್ದು ಹತ್ತು ತೋಟಾ. ಸತ್ತಾಗ ಎಣಿಸಿದ್ರ
ಹತ್ತೂ ಅದಾವ.

ತಿಂಗಳಾ ಐದನೇ ತಾರೀಖಿಗೆ ಯರಗಟ್ಟಿ ಬಸ್ಸಿಗೆ
ಯಮನವ್ವ ಬರತಾಳ.
ಸೆರಗಿನ ಗಂಟ ಬಿಚ್ಚಿ ಮುನ್ನೂರು ಎಣಿಸಿ ಇಡತಾಳ.
ನಾ ಪಾವತಿ ಹರದು ಕೊಡತೀನಿ.
'ಎಷ್ಟಾತ್ರಿ ಈವರೆಗೂ?' ಅಂದ್ಲು ಹೋದ ಸಲ.
ಲೆಕ್ಕ ಹಾಕಿ ಸುಮ್ಮನಾದೆ.
ಬಂದೂಕಿನ ಕಿಮ್ಮತ್ತಿಗಿಂತ ಬಾಡಿಗಿ ಮುಂದ ಹೋಗಿತ್ತು.

ಮಗಾ ಲಗಮಣ್ಣ ಅದ ಬ್ಯಾಂಕಿನ ಎಟಿಎಂ ಮುಂದ
ಬಡಿಗಿ ಹಿಡಕೊಂಡು ನಿಂದರತಾನ.
ಬಡಿಗಿಗೆ ಒಂಬತ್ತು ಸಾವಿರ,
ಸ್ವಂತ ಬಂದೂಕು ಇದ್ದಂವಗ ಹದಿನಾರು.
ನಡುವಿನ ಏಳು ಸಾವಿರ
ನನ್ನ ಕೋಣ್ಯಾಗ ಚೀಟಿ ಕಟಗೊಂಡು ನಿಂತೈತಿ.

ಅರ್ಜಿ ಹೋಗೇತಿ. ವಾರಸಾ ಕಾಗದ ಹೋಗೇತಿ.
ಅಕ್ಕತಂಗ್ಯಾರ ಒಪ್ಪಿಗಿ ಹೋಗೇತಿ. ಡಾಕ್ಟರು
ಇವನ ತಲಿ ನೆಟ್ಟಗೈತಿ ಅಂತ ಬರದಾರ.
ಠಾಣೇದಿಂದ ಒಬ್ಬಾಂವ ಬಂದು ಚಾ ಕುಡದು
'ನಿನಗ ವೈರಿ ಯಾರು?' ಅಂತ ಕೇಳಿದನಂತ.
'ಯಾರೂ ಇಲ್ರಿ' ಅಂದನಂತ ಹುಡುಗ.
'ಮತ್ತ ಬಂದೂಕು ಯಾಕ?'
ಹಂಗ ಬರಕೊಂಡು ಹೋದ.
ಅಷ್ಟೊತ್ತಿಗೆ ಇಲೆಕ್ಷನ್ ಬಂತು, ಕಡತ ಮಲಗಿತು.
ಇಲೆಕ್ಷನ್ ಮುಗೀತು, ಸಾಹೇಬರು ವರ್ಗಾ ಆದ್ರು.
ಸಾಹೇಬರ ವರ್ಗಾಕ್ಕ ಒಂದು ರಾತ್ರಿ ಸಾಕು.

ನನಗೂ ಬೈರಿ, ಬ್ಯಾಡನ್ನೂದಿಲ್ಲ.
ಬಂದೂಕು ಹೆಸರಿಗಾದ ದಿನ ಇನ್ನೂ ಎರಡು ಸಾವಿರ
ಅಂಗಡಿ ಫೀ ಅಂತ ನಾನೂ ತಗೋಬೇಕು.
ಯಾತಕ್ಕ? ಒಂದು ಸಹಿ, ಎರಡು ಖಾತೆ, ಒಂದು ಶಿಕ್ಕಾ.
ನನ್ನ ಲೈಸೆನ್ಸಿಗೂ ವಾಯಿದೆ ತುಂಬತೈತಿ,
ಡಿಸಿ ಆಫೀಸಿನ ಅದ ಬಾಕಿನ ಮ್ಯಾಲ ನಾನೂ ಕುಂದರತೀನಿ.
ಆದರ ಕಾಯ್ದೆ ಸುಳ್ಳು ಅಂತ ನಾ ಹ್ಯಾಂಗ ಅನ್ನಲಿ.
ಇಪ್ಪತ್ತೊಂಬತ್ತನೇ ಚೀಟಿ ನೋಡ್ರಿ:
ಅಣ್ಣತಮ್ಮರು, ಒಂದು ಬದು, ಒಂದು ಸಂಜಿ.
ಅದರ ಬಾಡಿಗಿ ಕೊಡಾಕ ಯಾರೂ ಬರೂದಿಲ್ಲ.

ಯಮನವ್ವ ರೊಕ್ಕ ಕೊಟ್ಟು ಹೋಗೂದಿಲ್ಲ.
'ಒಮ್ಮೆ ತೋರಸ್ರಿ' ಅಂತಾಳ.
ತಂದು ಟೇಬಲ್ಲಿನ ಈ ಕಡೆನ ಹಿಡೀತೀನಿ.
ಕೈ ಮುಂದ ಮಾಡತಾಳ.
'ಮುಟ್ಟಬ್ಯಾಡ ಯವ್ವಾ, ಮ್ಯಾಲ ಕ್ಯಾಮೆರಾ ಐತಿ.'
ಇಪ್ಪತ್ತಾರು ವರ್ಷ ಜ್ವಾಳದ ವಾಡೇದ ಹಿಂದ
ಇಟ್ಟು ತಗದು ಒರಸಿದ ಕೈ,
ಆ ತಂತಿ ಸುತ್ತಿದ ಕೈ,
ಕಾದ ಹಂಚು ತಾಗಿದಂಗ ಹಿಂದಕ ಹೋಗತೈತಿ.

ಆಮ್ಯಾಲ ಚೀಲದಾಗಿಂದ ಅರಿವಿ ತಗೀತಾಳ,
ಗಂಡನ ಧೋತರದ ತುಂಡು.
'ಎಣ್ಣಿ ಹಚ್ಚಿ ಇದರ್ಲೇ ಒರಸ್ರಿ,
ಕುದರಿ ಹತ್ರ ಜಂಗ ಹಿಡೀತೈತಿ.'
ನಾ ಒರಸತೀನಿ. ಆಕಿ ನಿಂತು ಹೇಳತಾಳ:
ಇನ್ನಷ್ಟು ಕೆಳಗ. ಅಲ್ಲೆ. ಸಾವಕಾಶ.
ಮುಗದ ಮ್ಯಾಲ ಅರಿವಿ ಇಸಗೊಂಡು
ಮೂಸಿ, ನಾಕು ಮಡಿಕಿ ಮಾಡಿ
ಪಾವತಿ ಜೋಡಿ ಕುಪ್ಪಸದಾಗ ಇಟಗೋತಾಳ.

ಅರಿವಿಗೆ ಲೈಸೆನ್ಸ ಬೇಕಿಲ್ಲ.

ಬಸ್ಸಿನ್ಯಾಗ ಬಾಜೂದಾಕಿ ಕೇಳತಾಳಂತ,
'ಎಂಥಾ ವಾಸನಿ ಯಕ್ಕಾ ಇದು?'
'ಮಶೀನಿನ ಎಣ್ಣಿ.'
'ಹೊಲಿಗಿ ಮಶೀನೇನ?'
ಹೂಂ ಅಂತಾಳಂತ, ಕಿಡಕಿ ಕಡೆ ಮಾರಿ ಮಾಡಿ.