ತಲಿ ಮ್ಯಾಲಿನ ಕಮಾನು

ಗೋಕುಲ ರೋಡಿನ ಹಿಂದ, ನನ್ನ ಶೆಡ್ಡಿನಾಗ
ರೇಸ್ ಕಾರು ಬರೇ ಎಲುಬಾಗಿ ಕುಂತೈತಿ.
ಕಾಲೇಜಿನ ಹುಡುಗರ ಕೈಯಾಗ ಕಾಯ್ದೆ ಪುಸ್ತಕ,
ಹೋದ ವರ್ಷಕಿಂತ ಹದಿನೆಂಟು ಹಾಳಿ ಹೆಚ್ಚು.

"ಚಾಚಾ, ಕಮಾನು ದಪ್ಪ ಪೈಪಿನ್ಯಾಗ ಮಾಡಬೇಕಂತ ಈಗ."
ಚಿನ್ಮಯ ಹಂಚಿನಾಳನ ಮಾರಿ ಸಪ್ಪಗ.
ಎರಡೂವರಿ ಕೇಜಿ ಏರತೈತಿ,
ಸುತ್ತಿಗೊಮ್ಮೆ ಕಣ್ಣು ಮಿಟುಕಿಸೂವಷ್ಟು ತಡ,
ಆ ಮಿಟುಕಿನ್ಯಾಗ ಕೊಲ್ಹಾಪುರದವ್ರು ದಾಟಿ ಹೋಗತಾರ.

ಮೂವತ್ತು ವರ್ಷ ಗೇಟು, ಟ್ರ್ಯಾಕ್ಟರಿನ ಟ್ರಾಲಿ ಬೆಸದಾಂವ
ನಾನು, ಮಕ್ತುಮಸಾಬ ನದಾಫ.
ಯಾವ ಟ್ರಾಲಿಗೂ ಪುಸ್ತಕ ಇರಲಿಲ್ಲ.
ಉರುಳಿದ ಮ್ಯಾಲೆ ರಿಪೇರಿಗೆ ಬರತಿದ್ದವು.
ಯಾರು ಕೂತಿದ್ರು ಅಂತ ಕೇಳತಿರಲಿಲ್ಲ,
ರೇಟು ಹೇಳತಿದ್ದೆ.

ಕೊಯ್ದೆ, ಬಗ್ಗಿಸಿದೆ, ಬೆಸದೆ.
ಹುಡುಗರು ಬ್ಯಾರೆ ಕಡೆ ತೂಕ ಹುಡುಕಿದರು:
ಪೆಡಲಿಗೆ ತೂತು, ಬೋಲ್ಟಿನ ತುದಿಗೆ ಗರಗಸ,
ಓಡಸೂ ವೈಭವಿ ತಡಕೋಡಗ
ಎರಡು ತಿಂಗಳು ಮಿರ್ಚಿ ಬಂದ್.
ಕಾಯ್ದೆ ಚಾಪಿ ಕೆಳಗ ತೂರಿದ್ರ
ಇವ್ರು ರಂಗೋಲಿ ಕೆಳಗ.

ತಾರಿಹಾಳದ ಖುಲ್ಲಾ ರಸ್ತೇದಾಗ, ಬೆಳಕ ಹರಿಯೂ ಹೊತ್ತು,
ಮೂರನೇ ತಿರುವಿನ್ಯಾಗ ಗಾಲಿ ಎದ್ದು
ಕಾರು ಬೋರಲ.

ಓಡಿದ್ವಿ.
ಕಮಾನಿಗೆ ಡಾಂಬರು ಮೆತ್ತಿತ್ತು. ಬಗ್ಗಿರಲಿಲ್ಲ.
ಕೆಳಗಿಂದ ತೆವಳಿ ಬಂದ ಹುಡುಗಿ
ಹೆಲ್ಮೆಟ್ ತಗದು, ಮಣ್ಣು ಉಗುಳಿ,
"ಟೈಮ್ ಎಷ್ಟಾತು?" ಅಂದ್ಳು.

ಚಿನ್ಮಯನ ಕೈಯಾಗಿನ ಗಡಿಯಾರ ಇನ್ನೂ ಓಡತಿತ್ತು,
ನಿಲ್ಲಿಸೂದು ಮರತಿದ್ದ.

ಹೋದ ವರ್ಷದ ತೆಳ್ಳನ್ನ ಕಮಾನು
ಶೆಡ್ಡಿನ ಮೂಲ್ಯಾಗೈತಿ.
ಅದರ ಮ್ಯಾಲೆ ಹಸಿ ಅಂಗಿ ಒಣಾ ಹಾಕತೇನಿ ದಿನಾ.
ಇವತ್ತೂ ಹಾಕಿದೆ,
ಹಾಕಿ, ಸ್ವಲ್ಪ ಹೊತ್ತು
ಅದನ್ನ ನೋಡಕೋತ ನಿಂತೆ.