ಕ್ಯಾಬಿನೆಟ್

ಎಂಟು ದಿನವಾಯಿತು, ಊಟದ ಮೇಜಿನ ಮೇಲೆ
ಟವೆಲ್ ಹಾಸಿ ಮಲಗಿಸಿದ್ದೇವೆ ಅದನ್ನು:
ಮದರ್‌ಬೋರ್ಡು, ಅದಕ್ಕಂಟಿದ ಪುಟ್ಟ ಫ್ಯಾನು,
ಎರಡು ಹಾರ್ಡ್‌ಡಿಸ್ಕು, ಕರುಳಿನಂತೆ ವಾಯರು.
ಕೊಯ್ದಿಟ್ಟ ಇಸ್ವಣ.
ನಾವು ಕೆಳಗೆ ಕೂತು ಉಣ್ಣುತ್ತೇವೆ.

ಇದಕ್ಕೊಂದು ಮೈ ಬೇಕು,
ಟೀವಿಯ ಅಡಿಯ ಖಾನೆಯಲ್ಲಿ ಹಿಡಿಸುವಂಥದು.
ಗೇಣಿಗೆ ಎರಡು ಬೆರಳು ಕಮ್ಮಿ ಆ ಖಾನೆ.
ಅಳೆದವಳು ಸುಗಂಧಾ, ರವಿಕೆಯ ಟೇಪಿನಲ್ಲಿ;
ಹೆಗಲು, ಎದೆ, ಸೊಂಟ ಬರೆಯುವ ಪುಸ್ತಕದಲ್ಲೇ
ಬರೆದುಕೊಂಡಳು ಇದರ ಅಳತೆಯನ್ನೂ,
ಕಾಜುಬಾಗದ ಟೀಚರಮ್ಮ, ನೇವಿಯವರ ಹೆಂಡತಿ,
ಇಬ್ಬರ ನಡುವೆ.

ಅಂಗಡಿಯಲ್ಲಿ ಪೆಡ್ನೇಕರ ತೆಗೆದು ತೆಗೆದು ಇಟ್ಟ.
ಮೊದಲನೆಯದು ಎತ್ತರ, ಗಾಜಿನ ಪಕ್ಕೆ,
ಒಳಗೆ ಕೆಂಪು ಹಸಿರು ನೀಲಿ ಸುತ್ತುವ ದೀಪ.
"ಇದು ದೇವಗಡದ ದೀಪಸ್ತಂಭ," ಎಂದಳು ಸುಗಂಧಾ,
"ಯಾರ ಹಡಗಿಗೆ ದಾರಿ ತೋರ್ಸೂಕೆ?"

ಎರಡನೆಯದು ತೆಳ್ಳಗೆ, ಕಪ್ಪಗೆ,
ಹಳೆಯ ವಿಸಿಆರಿನ ತದ್ರೂಪು. ಬೆಲೆಯೂ ಸಾಧು.
ನಾನು ಮೂಲೆಯನ್ನು ಉಗುರಿನಿಂದ ಕೆರೆದೆ.
ಬಣ್ಣದಡಿ ಬರೀ ತಗಡು.
ಬೈತಖೋಲದ ಉಪ್ಪುಗಾಳಿಗೆ ಇಪ್ಪತ್ತಾರು ವರ್ಷ
ಬಾಡಿಗೆ ಕಟ್ಟಿದವನು ನಾನು:
ಕಿಟಕಿಯ ಸರಳು, ಸೈಕಲ್ಲಿನ ಕಡ್ಡಿ,
ಅವಳ ಹೊಲಿಗೆ ಯಂತ್ರದ ಪೆಡಲು.
ಒಂದು ತಿಂಗಳೂ ಬಾಕಿ ಬಿಡಲಿಲ್ಲ ಅದು.

ಮೂರನೆಯದು ಅಲ್ಯುಮಿನಿಯಂ.
ಬೆಲೆ ಹೇಳುವ ಮೊದಲು ಪೆಡ್ನೇಕರ
ನನಗೊಂದು ಸ್ಟೂಲು ಕೊಟ್ಟ.

ಫ್ಯಾನು ಹಚ್ಚಿ ತೋರಿಸಿದ. ಸದ್ದೆಷ್ಟು?
ನಾನು ಕೇಳಿದ್ದು ಸುಗಂಧಾಳನ್ನು.
ಆರು ಸಿಲಿಂಡರಿನ ಡೀಸೆಲ್ ಎಂಜಿನ್ನು
ಬಡಿದೂ ಬಡಿದೂ ನನ್ನ ಕಿವಿಯಲ್ಲೊಂದು ತೂತು ಕೊರೆದಿದೆ;
ಫ್ಯಾನು, ಸೊಳ್ಳೆ, ಬಾಗಿಲ ಚಿಲಕ,
ಎಲ್ಲ ಅದರೊಳಗೆ ಬಿದ್ದು ಹೋಗುತ್ತವೆ.
ಅವಳು ಬಗ್ಗಿ ಕಿವಿಗೊಟ್ಟಳು
ತೆಂಗಿನಕಾಯಿ ಅಲ್ಲಾಡಿಸಿ ಕೊಳ್ಳುವವಳಂತೆ.
"ಪಿಸುಮಾತಿನ ಜಾಗದಲ್ಲಿ ಗೊರಕೆ ಹೊಡೀತದೆ.
ದೊಡ್ಡ ಫ್ಯಾನು ಹಾಕಿ, ನಿಧಾನ ತಿರುಗಲಿ."

ಸಿನಿಮಾದಲ್ಲಿ ಅವಳಿಗೆ ಬೇಕಾದದ್ದು
ಮಾತು ನಿಂತ ಮೇಲಿನ ಜಾಗ.
ಯಾರೋ ಲೋಟ ಕೆಳಗಿಡುತ್ತಾರೆ,
ಯಾರೋ ಉಸಿರು ಎಳೆದುಕೊಳ್ಳುತ್ತಾರೆ.
ನಾನು ಆಗ ಟೀವಿ ಬಿಟ್ಟು
ಅವಳ ಮುಖ ನೋಡಿ ಕಥೆ ತಿಳಿಯುತ್ತೇನೆ.

ತಕರಾರು ಬಂದದ್ದು ದೀಪದಲ್ಲಿ.
ಮುಂದಿನ ನೀಲಿ ದೀಪ ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತದೆ,
ವಾಯರು ಕಿತ್ತುಬಿಡಿ, ಎಂದಳು.
ಎಂಜಿನ್ನು ನಡೆಯುತ್ತಿದೆಯೋ ಸತ್ತಿದೆಯೋ
ಡ್ರೈವರನಾದವನಿಗೆ ಗೊತ್ತಾಗಬೇಕು.
ಕೇಳದಿದ್ದರೆ ಕಾಣಬೇಕು.
ಇಷ್ಟನ್ನೂ ಹೇಳಲಿಲ್ಲ. "ದೀಪ ಇರಲಿ," ಎಂದೆ.
ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು.
ನನ್ನ ದನಿಯ ಅಳತೆ ನನಗೀಗ ಸಿಗುವುದಿಲ್ಲ.

ಭಾನುವಾರ ರೋಹಿದಾಸ ಬಂದು ಎಲ್ಲ ಕೂಡಿಸಿದ.
ಟವೆಲ್ಲಿನ ಮೇಲೆ ಒಂದು ಸ್ಕ್ರೂ ಉಳಿಯಿತು;
ಯಾವ ಎಂಜಿನ್ನು ಬಿಚ್ಚಿ ಕಟ್ಟಿದರೂ ಒಂದು ಉಳಿಯುತ್ತದೆ.
ಸುಗಂಧಾ ಅದನ್ನು ಗುಂಡಿಯ ಡಬ್ಬಿಗೆ ಹಾಕಿ
ಕಪ್ಪು ಅಸ್ತರಿನ ತುಂಡೊಂದನ್ನು ತೆಗೆದು
ದೀಪದ ಮೇಲೆ ಅಂಟಿಸಿದಳು.
ನಾನು ಸುಮ್ಮನಿದ್ದೆ.
ಆಮೇಲೆ ಸೂಜಿ ತಂದಳು. ನಡುಮಧ್ಯ ಒಮ್ಮೆ ಚುಚ್ಚಿದಳು.

ಲೈಟು ಆರಿಸಿದೆವು.
ಸಿನಿಮಾ ಹತ್ತಿದ ಮೇಲೂ ನಾನು ನೋಡುತ್ತಿದ್ದದ್ದು
ಕೆಳಗಿನ ಖಾನೆಯನ್ನೇ.
ಸೂಜಿಮೊನೆಯಷ್ಟು ನೀಲಿ.
ಹತ್ತು ದಿನದ ಮೀನು ತುಂಬಿಕೊಂಡು ತಿರುಗುವಾಗ
ಊರು ಮೊದಲಿಗೆ ಇಷ್ಟೇ ಕಾಣುತ್ತಿತ್ತು,
ಇದೆಯೋ ಇಲ್ಲವೋ ಅನ್ನುವಷ್ಟು.

"ನಡೀತಾ ಅದೆ!" ಎಂದೆ.
ಪರದೆಯ ಮೇಲೆ ಯಾರೋ ಏನೋ ಹೇಳದೆ ನಿಂತಿದ್ದರು.
ಸುಗಂಧಾ ನನ್ನತ್ತ ತಿರುಗದೆಯೇ
ತುಟಿಯ ಮೇಲೆ ಬೆರಳಿಟ್ಟಳು.